ಧರ್ಮಕೇಂದ್ರದ ಯುವಜನರು ರಕ್ತದಾನ ಶಿಬಿರ ನಡೆಸುವ ಕ್ರಮ: ದಿನ ಗೊತ್ತುಮಾಡುವಲ್ಲಿಂದ ಮುಂದಿನ ಶಿಬಿರದವರೆಗೆ

ರಕ್ತದಾನ ಶಿಬಿರ ಮುಗಿದ ಮರುದಿನ ಕಥೋಲಿಕ ಯುವಜನರ ಸಂಘಟನೆಯಾದ ಐಸಿವೈಎಂನ ಘಟಕಗಳ ಪದಾಧಿಕಾರಿಗಳಿಂದ ಬರುವ ಕರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಹೆಸರು ಕೊಟ್ಟವರಲ್ಲಿ ಬಹಳಷ್ಟು ಮಂದಿ ಬರಲಿಲ್ಲ, ಬಂದವರಲ್ಲಿ ಹಲವರನ್ನು ವೈದ್ಯರು ಹಿಂದಕ್ಕೆ ಕಳುಹಿಸಿದರು, ಇಬ್ಬರು ತಲೆಸುತ್ತಿ ಬಿದ್ದರು, ಇನ್ನು ಶಿಬಿರವೇ ಬೇಡ ಎಂಬ ಮಾತು ಚರ್ಚಿನ ಪಾಲನಾ ಮಂಡಳಿಯ ಸಭೆಯಲ್ಲಿ ಬಂತು. ಮಂಗಳೂರು ಧರ್ಮಪ್ರಾಂತ್ಯದ ಒಂದು ಧರ್ಮಕೇಂದ್ರದಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಸಮುದಾಯದಲ್ಲಿ, ಯುವಜನರಿಗೆ ಮಾರ್ಗದರ್ಶನ ಮಾಡುವ ಸಚೇತಕನಾಗಿ ಇದೇ ತಪ್ಪುಗಳನ್ನು ನಾನೂ ಮಾಡಿದ್ದೇನೆ. ಯುವಜನರಲ್ಲಿ ಉತ್ಸಾಹ ಕಡಿಮೆಯೆಂದು ಇದಕ್ಕೆ ಕಾರಣ ಹೇಳುವುದು ಸರಿಯಲ್ಲ. ಬ್ಯಾನರ್ ಮೊದಲು ಬರುತ್ತದೆ, ಅತಿಥಿಗಳು ಆಮೇಲೆ ಬರುತ್ತಾರೆ, ದಾನಿಗಳ ಯೋಚನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಹೆಚ್ಚಿನ ತೊಂದರೆಗಳು ತಾವಾಗಿಯೇ ನೀಗುತ್ತವೆ.

ಇಲ್ಲಿ ಹೇಳಿರುವ ವಯಸ್ಸು, ತೂಕ ಮತ್ತು ಅಂತರದ ಮಿತಿಗಳು ಭಾರತದಲ್ಲಿ ಜಾರಿಯಲ್ಲಿರುವ ನಿಯಮಗಳಂತೆ ಇವೆ. ಆದರೂ ಒಬ್ಬ ವ್ಯಕ್ತಿ ರಕ್ತ ಕೊಡಬಹುದೇ ಬೇಡವೇ ಎಂಬ ಅಂತಿಮ ತೀರ್ಮಾನ ಶಿಬಿರದ ವೈದ್ಯಾಧಿಕಾರಿಯದ್ದು. ಆ ಅಧಿಕಾರ ಘಟಕದ ಅಧ್ಯಕ್ಷರಿಗೂ ಇಲ್ಲ, ಚರ್ಚಿನ ಗುರುಗಳಿಗೂ ಇಲ್ಲ.

ಬೇಕಾಗುವ ಸಿದ್ಧತೆ

ಆರು ವಾರಗಳ ಸಮಯ, ಹತ್ತರಿಂದ ಹನ್ನೆರಡು ಮಂದಿ ಸ್ವಯಂಸೇವಕರು, ವಿದ್ಯುತ್ ಮತ್ತು ನೀರಿನ ವ್ಯವಸ್ಥೆ ಸರಿಯಾಗಿರುವ ಸಭಾಂಗಣ, ಒಂದು ದಪ್ಪ ನೋಟ್‌ಬುಕ್ ಮತ್ತು ಹೊತ್ತುಹೊತ್ತಿಗೆ ಕರೆ ಮಾಡುವ ತಾಳ್ಮೆ ಇದ್ದರೆ ಸಾಕು. ಸೂಜಿ, ರಕ್ತದ ಚೀಲ, ಔಷಧಿ, ತೂಕದ ಯಂತ್ರಗಳನ್ನು ರಕ್ತ ಕೇಂದ್ರದವರೇ (ಬ್ಲಡ್ ಬ್ಯಾಂಕಿನವರೇ) ತರುತ್ತಾರೆ. ಘಟಕದ ಹಣದಲ್ಲಿ ಹೆಚ್ಚಿನ ಪಾಲು ಉಪಾಹಾರಕ್ಕೆ ಹೋಗಬೇಕು. ಫ್ಲೆಕ್ಸ್‌ಗೆ, ಶಾಲು-ಹಾರಗಳಿಗೆ ಹೋಗುತ್ತಿದ್ದರೆ ಲೆಕ್ಕಪತ್ರವನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಹಂತ 1: ದಿನಾಂಕ ಗೊತ್ತುಮಾಡುವ ಮೊದಲು ರಕ್ತ ಕೇಂದ್ರವನ್ನು ಕೇಳಿ

ಸಾಮಾನ್ಯವಾಗಿ ಘಟಕಗಳು ವಾರ್ಷಿಕೋತ್ಸವಕ್ಕೋ ಧರ್ಮಕೇಂದ್ರದ ಹಬ್ಬಕ್ಕೋ ಹೊಂದುವ ದಿನವನ್ನು ಆರಿಸಿಕೊಂಡು ಆಮೇಲೆ ಆಸ್ಪತ್ರೆಗೆ ಪತ್ರ ಬರೆಯುತ್ತವೆ. ಇದು ಮೊದಲ ತಪ್ಪು. ಕೆಂಪು ರಕ್ತಕಣಗಳನ್ನು ಬಳಸಿದ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಇಡಬಹುದು. ಪ್ಲೇಟ್‌ಲೆಟ್‌ಗಳು ಉಳಿಯುವುದು 5 ದಿನ ಮಾತ್ರ. ವಿಶ್ವ ರಕ್ತದಾನಿಗಳ ದಿನವಾದ ಜೂನ್ 14 ಮತ್ತು ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವಾದ ಅಕ್ಟೋಬರ್ 1ರ ಸುತ್ತಮುತ್ತ ಎಲ್ಲ ಸಂಘಸಂಸ್ಥೆಗಳೂ ಒಟ್ಟಿಗೆ ಶಿಬಿರ ನಡೆಸಿದರೆ ಒಂದು ವಾರ ತುಂಬಿ ತುಳುಕುವ ಶೀತಲ ಪೆಟ್ಟಿಗೆ ಎರಡು ತಿಂಗಳ ನಂತರ ಖಾಲಿಯಾಗಿರುತ್ತದೆ. ಕಾಲೇಜುಗಳಿಗೆ ರಜೆಯಿರುವ ಏಪ್ರಿಲ್-ಮೇ ತಿಂಗಳಲ್ಲಿ ದಾನಿಗಳು ಸಿಗುವುದೇ ಕಷ್ಟ. ಮಳೆಗಾಲದಲ್ಲಿ ಡೆಂಗಿ ಹರಡಿದಾಗ ಪ್ಲೇಟ್‌ಲೆಟ್‌ಗಳಿಗೆ ಬೇಡಿಕೆ ಏರುತ್ತದೆ.

ಆದ್ದರಿಂದ ಮೊದಲ ಭೇಟಿ ರಕ್ತ ಕೇಂದ್ರಕ್ಕೆ ಆಗಬೇಕು. ಮಂಗಳೂರಿನವರಿಗೆ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯಲ್ಲೂ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲೂ ಕೇಂದ್ರಗಳಿವೆ. ಬೇರೆ ಊರಿನವರು ಕೇಂದ್ರ ಸರಕಾರದ ಇ-ರಕ್ತಕೋಶ ಜಾಲತಾಣದಲ್ಲಿ ತಮ್ಮ ಜಿಲ್ಲೆಯ ಕೇಂದ್ರಗಳನ್ನು ಹುಡುಕಿಕೊಳ್ಳಬಹುದು. ಪರವಾನಗಿ ಇರುವ ರಕ್ತ ಕೇಂದ್ರದ ತಂಡವೇ ರಕ್ತ ಸಂಗ್ರಹಿಸಬೇಕು ಎಂಬುದು ಕಾನೂನು. "ನಿಮಗೆ ಯಾವ ತಿಂಗಳಲ್ಲಿ ಕೊರತೆ ಹೆಚ್ಚು? ಒಂದು ದಿನಕ್ಕೆ ಎಷ್ಟು ಯೂನಿಟ್ ಸಾಕು?" ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಅರುವತ್ತು ಸಾಕು ಎಂದು ಅವರು ಹೇಳಿದರೆ ಇನ್ನೂರರ ಗುರಿಯನ್ನು ಪ್ರಕಟಿಸಬೇಡಿ. ಅವಧಿ ಮುಗಿದು ಚೆಲ್ಲಬೇಕಾದ ರಕ್ತದಿಂದ ಯಾವ ರೋಗಿಗೂ ಉಪಯೋಗವಿಲ್ಲ.

ಹಂತ 2: ಅನುಮತಿ ಮತ್ತು ದಿನದ ಆಯ್ಕೆ

ಗುರುಗಳ ಬಳಿ ಹೋಗುವಾಗ ಬರಿಗೈಯಲ್ಲಿ ಹೋಗದೆ ರಕ್ತ ಕೇಂದ್ರ ಸೂಚಿಸಿದ ಎರಡು ಮೂರು ಭಾನುವಾರಗಳನ್ನು ಬರೆದುಕೊಂಡು ಹೋಗಿ. ಪಾಲನಾ ಮಂಡಳಿಯ ಉಪಾಧ್ಯಕ್ಷರು, ಕಾರ್ಯದರ್ಶಿ ಮತ್ತು ಧರ್ಮಕೇಂದ್ರದ ಆರೋಗ್ಯ ಆಯೋಗದ ಸಂಯೋಜಕರಿಗೆ ಅದೇ ವಾರದಲ್ಲಿ ವಿಷಯ ತಿಳಿಸಿ, ಸಭಾಂಗಣದ ಪುಸ್ತಕದಲ್ಲಿ ದಿನವನ್ನು ಬರೆಸಿಬಿಡಿ. ನಮ್ಮ ಸಭಾಂಗಣಗಳು ಮದುವೆ, ರೋಸ್ (ಮದುವೆಗೆ ಮುಂಚಿನ ಶಾಸ್ತ್ರ), ನಿಶ್ಚಿತಾರ್ಥಗಳಿಗೆ ಎಷ್ಟು ಬೇಗ ಬುಕ್ ಆಗಿಬಿಡುತ್ತವೆ ಎಂಬುದು ಎಲ್ಲರಿಗೂ ತಿಳಿದದ್ದೇ. ಹಿಂದಿನ ರಾತ್ರಿ ಊರಿನಲ್ಲಿ ದೊಡ್ಡ ರೋಸ್ ಇದ್ದರೆ ಮರುದಿನ ಬೆಳಗ್ಗೆ ಯುವಕರು ನಿದ್ದೆಗೆಟ್ಟು, ಕೆಲವರು ಮದ್ಯ ಸೇವಿಸಿ ಬಂದಿರುತ್ತಾರೆ. ಅವರಿಂದ ರಕ್ತ ತೆಗೆದುಕೊಳ್ಳುವಂತಿಲ್ಲ.

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ-ಪ್ರಾರ್ಥನೆಯ ದಿನಗಳಾದ ತಪಸ್ಸುಕಾಲದ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ತ್ಯಾಗದ ಕಾಲದಲ್ಲಿ ರಕ್ತದಾನ ಸೂಕ್ತವಾದ ಕಾರ್ಯವೆಂದು ಭಾವಿಸಿ ಅನೇಕ ಘಟಕಗಳು ತಪಸ್ಸುಕಾಲದ ಶುಕ್ರವಾರ, ಕೆಲವೊಮ್ಮೆ ಶುಭ ಶುಕ್ರವಾರದಂದೇ ಶಿಬಿರ ಇಡುತ್ತವೆ. ಭಾವನೆ ಪವಿತ್ರವಾದದ್ದು, ದಿನ ಮಾತ್ರ ಸರಿಯಲ್ಲ. ಉಪವಾಸವಿರುವವರು ರಕ್ತ ಕೊಡಬಾರದು ಎಂಬುದು ದಾನಿಗಳ ಆಯ್ಕೆಯ ನಿಯಮದಲ್ಲೇ ಇದೆ. ನೆರೆಯ ಮುಸ್ಲಿಂ ಬಾಂಧವರನ್ನೂ ಕರೆಯುವುದಾದರೆ ರಂಜಾನ್ ತಿಂಗಳನ್ನೂ ಇದೇ ಕಾರಣಕ್ಕೆ ಬಿಡಬೇಕಾಗುತ್ತದೆ.

ಹಂತ 3: ರಕ್ತ ಕೇಂದ್ರದೊಂದಿಗೆ ಬರವಣಿಗೆಯಲ್ಲಿ ಮಾತುಕತೆ

ತಂಡದಲ್ಲಿ ಎಷ್ಟು ಮಂದಿ ಬರುತ್ತಾರೆ, ಎಷ್ಟು ಮಂಚಗಳನ್ನು ಹಾಕುತ್ತಾರೆ ಎಂಬುದು ಮೊದಲೇ ಗೊತ್ತಿರಬೇಕು. ನಿಯಮದ ಪ್ರಕಾರ ಸುಮಾರು 3 ಗಂಟೆಗಳಲ್ಲಿ 50ರಿಂದ 70 ಅಥವಾ 5 ಗಂಟೆಗಳಲ್ಲಿ 100ರಿಂದ 120 ದಾನಿಗಳಿಂದ ರಕ್ತ ಸಂಗ್ರಹಿಸಲು 6ರಿಂದ 8 ಮಂಚಗಳು, ಒಬ್ಬ ವೈದ್ಯಾಧಿಕಾರಿ, ಇಬ್ಬರು ದಾದಿಯರು, ಇಬ್ಬರು ಸಮಾಜ ಕಾರ್ಯಕರ್ತರು, ಮೂವರು ತಂತ್ರಜ್ಞರು ಮತ್ತು ಇಬ್ಬರು ಸಹಾಯಕರು ಇರಬೇಕು. ಎಂದರೆ ಗಂಟೆಗೆ ಇಪ್ಪತ್ತು ಮಂದಿ. ಈ ಒಂದು ಲೆಕ್ಕ ಕೈಯಲ್ಲಿದ್ದರೆ ಮುಂದಿನ ಎಲ್ಲ ಯೋಜನೆಯೂ ಸುಲಭವಾಗುತ್ತದೆ. ಚರ್ಚಿನಲ್ಲಿ ಪೂಜೆ ಮುಗಿದೊಡನೆ ಎಂಬತ್ತು ಮಂದಿ ಒಟ್ಟಿಗೆ ಸರತಿ ನಿಂತು, ಒಂದು ಗಂಟೆ ಕಾದು, ಅರ್ಧದಷ್ಟು ಜನ ಬೇಸತ್ತು ಮನೆಗೆ ಹೋಗುವುದು ಈ ಲೆಕ್ಕ ತಪ್ಪಿದಾಗ.

ಇನ್ನೊಂದು ವಿಷಯವನ್ನು ಈಗಲೇ ಕೇಳಿ ತಿಳಿದುಕೊಳ್ಳಿ. "ನಾವು ಉಚಿತವಾಗಿ ಕೊಟ್ಟ ರಕ್ತಕ್ಕೆ ಆಸ್ಪತ್ರೆ ಹಣ ತೆಗೆದುಕೊಳ್ಳುವುದೇಕೆ?" ಎಂಬ ಪ್ರಶ್ನೆ ಧರ್ಮಕೇಂದ್ರದ ಪ್ರತಿ ವಾಳೆಯಲ್ಲೂ (ವಾರ್ಡಿನಲ್ಲೂ) ಬರುತ್ತದೆ, ಉತ್ತರ ಗೊತ್ತಿಲ್ಲದ ಸ್ವಯಂಸೇವಕ ತಡವರಿಸುತ್ತಾನೆ. ರಕ್ತವನ್ನು ಮಾರುವಂತಿಲ್ಲ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳ ತಪಾಸಣೆಗೂ ರಕ್ತವನ್ನು ಅದರ ಅಂಶಗಳಾಗಿ ಬೇರ್ಪಡಿಸಿ ಸಂರಕ್ಷಿಸುವುದಕ್ಕೂ ತಗಲುವ ವೆಚ್ಚವಾಗಿ ಸಂಸ್ಕರಣಾ ಶುಲ್ಕವನ್ನು ಮಾತ್ರ ಪಡೆಯಬಹುದು. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್‌ಸೆಲ್ ರೋಗಿಗಳಿಗೆ ಆ ಶುಲ್ಕದಿಂದಲೂ ವಿನಾಯಿತಿ ಇದೆ. ನಿಮ್ಮ ಕೇಂದ್ರ ಪಡೆಯುವ ಶುಲ್ಕ ಎಷ್ಟು, ದಾನಿಯ ಕಾರ್ಡಿನಿಂದ ಏನು ಅನುಕೂಲ ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಕೇಳಿಕೊಂಡು ಬನ್ನಿ. ಸಿಗದ ಸೌಲಭ್ಯದ ಭರವಸೆಯನ್ನು ಜನರಿಗೆ ಕೊಟ್ಟರೆ ಮುಂದಿನ ಶಿಬಿರಕ್ಕೆ ಅವರು ಬರುವುದಿಲ್ಲ.

ಹಂತ 4: ದಾನಿಗಳ ಪಟ್ಟಿ

ಆರು ವಾರಗಳಲ್ಲಿ ಮೂರು ವಾರ ಈ ಹಂತಕ್ಕೇ ಮೀಸಲಿರಲಿ. ಪೂಜೆಯ ಕೊನೆಯಲ್ಲಿ ಓದುವ ಪ್ರಕಟಣೆಯಿಂದ ವಿಷಯ ತಿಳಿಯುತ್ತದೆಯೇ ಹೊರತು ದಾನಿಗಳು ಸಿಗುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿದವರನ್ನೂ ದಾನಿಗಳೆಂದು ಎಣಿಸಬೇಡಿ. ಪ್ರತಿ ವಾಳೆಗೆ ಒಬ್ಬ ಯುವಕ, ಒಬ್ಬ ಯುವತಿಯಂತೆ ಇಬ್ಬರನ್ನು ನೇಮಿಸಿ, ಅವರು ವಾಳೆಯ ಮುಖ್ಯಸ್ಥರಾದ ಗುರಿಕಾರರ ಜೊತೆಯಲ್ಲಿ ಮನೆಮನೆಗೆ ಹೋಗಿ ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ, ಬರಲು ಅನುಕೂಲವಾದ ಅರ್ಧಗಂಟೆಯ ಹೊತ್ತು ಇಷ್ಟನ್ನೇ ಬರೆದುಕೊಳ್ಳಲಿ. ಕಾಯಿಲೆಗಳ ಬಗ್ಗೆ ಏನನ್ನೂ ಕೇಳಿ ಬರೆದುಕೊಳ್ಳಬಾರದು. ಅದರ ಬದಲು ಕೆಳಗಿನ ವಿವರಗಳನ್ನು ಮುದ್ರಿಸಿದ ಒಂದು ಚೀಟಿಯನ್ನು ಮನೆಯಲ್ಲಿ ಬಿಟ್ಟು ಬಂದರೆ ಅವರವರೇ ಓದಿಕೊಂಡು ತೀರ್ಮಾನಿಸುತ್ತಾರೆ.

- ವಯಸ್ಸು 18ರಿಂದ 65. ಮೊದಲ ಬಾರಿ ಕೊಡುವವರಿಗೆ 60ರವರೆಗೆ ಮಾತ್ರ.
- ತೂಕ 45 ಕಿಲೋಗಿಂತ ಕಡಿಮೆ ಇರಬಾರದು. 350 ಮಿಲಿ ಕೊಡಲು ಇಷ್ಟು ಸಾಕು. 450 ಮಿಲಿ ಕೊಡುವವರು 55 ಕಿಲೋಗಿಂತ ಹೆಚ್ಚು ತೂಗಬೇಕು.
- ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆ ಇರಬಾರದು. ಗಂಡಸರಿಗೂ ಹೆಂಗಸರಿಗೂ ಮಿತಿ ಒಂದೇ.
- ಹಿಂದಿನ ದಾನ ಕಳೆದು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು.
- ಹಚ್ಚೆ ಹಾಕಿಸಿಕೊಂಡವರು 12 ತಿಂಗಳು, ಮಲೇರಿಯಾದಿಂದ ಗುಣವಾದವರು 3 ತಿಂಗಳು, ಡೆಂಗಿಯಿಂದ ಗುಣವಾದವರು 6 ತಿಂಗಳು, ಹೆರಿಗೆಯಾದವರು 12 ತಿಂಗಳು ಕಾಯಬೇಕು. ಮಗುವಿಗೆ ಹಾಲೂಡಿಸುತ್ತಿರುವ ತಾಯಂದಿರು ಕೊಡಬಾರದು.
- ಮುಟ್ಟಿನ ದಿನಗಳಲ್ಲಿ ಕೊಡುವಂತಿಲ್ಲ. ರಾತ್ರಿಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದವರೂ ಕೊಡುವಂತಿಲ್ಲ.

ಚೀಟಿಯ ಕೊನೆಗೆ "ಮಾತ್ರೆ ಸೇವಿಸುವವರು ತಾವಾಗಿಯೇ ಹಿಂದೆ ಸರಿಯದೆ ವೈದ್ಯರನ್ನು ಕೇಳಿ" ಎಂಬ ಒಂದು ಸಾಲು ಇರಲಿ. ಇನ್ಸುಲಿನ್ ಚುಚ್ಚಿಕೊಳ್ಳುವವರು ಕೊಡಲಾಗದಿದ್ದರೂ ಮಾತ್ರೆಯಿಂದಲೇ ಸಕ್ಕರೆ ಹತೋಟಿಯಲ್ಲಿರುವ ಹಲವರು ಕೊಡಬಹುದು. ಇದು ತಿಳಿಯದೆ ನಡುವಯಸ್ಸಿನ ಒಳ್ಳೆಯ ದಾನಿಗಳನ್ನು ನಾವು ಕಳೆದುಕೊಳ್ಳುತ್ತಿದ್ದೇವೆ.

ಕಥೋಲಿಕ ವಿದ್ಯಾರ್ಥಿಗಳ ಸಂಘಟನೆಯಾದ ವೈಸಿಎಸ್‌ನ ಮಕ್ಕಳು ರಕ್ತ ಕೊಡುವಂತಿಲ್ಲ. ಆದರೆ ಅವರಲ್ಲಿ ಒಬ್ಬೊಬ್ಬರೂ ತಮ್ಮ ಮನೆಯ ಒಬ್ಬ ಹಿರಿಯರನ್ನು ಕೈಹಿಡಿದು ಕರೆತರಬಲ್ಲರು, ನೀರಿನ ಲೋಟ ಹಿಡಿದು ಓಡಾಡಬಲ್ಲರು. ಅವರನ್ನು ಬಿಡಬೇಡಿ. ಊರಿನ ಯುವಕ ಮಂಡಲ, ಭಜನಾ ಮಂಡಳಿ, ಮಸೀದಿಯ ಯುವಕರಿಗೂ ಗುರುಗಳ ಸಹಿಯಿರುವ ಆಮಂತ್ರಣವನ್ನು ಖುದ್ದಾಗಿ ಕೊಟ್ಟು ಬನ್ನಿ; ಚರ್ಚಿನೊಳಗೆ ಬಾರದೆ ನೇರವಾಗಿ ಸಭಾಂಗಣಕ್ಕೆ ಬರಬಹುದೆಂದೂ ತಿಳಿಸಿ.

ಎರಡು ಎಚ್ಚರಿಕೆಗಳು. ಮೊದಲನೆಯದು ಬಹುಮಾನದ ವಿಷಯ: ಲಕ್ಕಿ ಡಿಪ್, ಹಣ, ಬೆಲೆಬಾಳುವ ಉಡುಗೊರೆಗಳು ಬೇಡ, ಯಾವ ವಾಳೆಯಿಂದ ಹೆಚ್ಚು ಯೂನಿಟ್ ಎಂಬ ಸ್ಪರ್ಧೆಯೂ ಬೇಡ. ಸೋಂಕು ತಗಲಿದ ಹೊಸತರಲ್ಲಿ ಅದು ಪ್ರಯೋಗಾಲಯದ ತಪಾಸಣೆಗೆ ಸಿಗದ ಒಂದು ಅವಧಿ ಇರುತ್ತದೆ. ಆ ಅವಧಿಯಲ್ಲಿ ರೋಗಿಯನ್ನು ಕಾಯುವುದು ರಕ್ತ ಕೊಡುವ ಮೊದಲು ತುಂಬುವ ಪ್ರಶ್ನಾವಳಿಗೆ ದಾನಿ ಕೊಡುವ ಪ್ರಾಮಾಣಿಕ ಉತ್ತರ ಒಂದೇ. ಬಹುಮಾನಕ್ಕಾಗಿಯೋ ವಾಳೆಯ ಮಾನಕ್ಕಾಗಿಯೋ ಒಬ್ಬನು ಸುಳ್ಳು ಉತ್ತರ ಬರೆದರೆ ಅದರ ಬೆಲೆ ತೆರುವವನು ಆಸ್ಪತ್ರೆಯಲ್ಲಿ ಮಲಗಿರುವ ಅಪರಿಚಿತ. ಎರಡನೆಯದು ಒತ್ತಾಯದ ವಿಷಯ: ಕೊಡದಿದ್ದವರು ಕ್ರೈಸ್ತ ಪ್ರೀತಿಯಿಲ್ಲದವರು ಎಂಬ ಧ್ವನಿ ಪ್ರಕಟಣೆಯಲ್ಲಾಗಲಿ ಮನೆಭೇಟಿಯಲ್ಲಾಗಲಿ ಬರಬಾರದು. ಹೇಳಿಕೊಳ್ಳಲಾಗದ ಕಾರಣ ಯಾರಿಗೆ ಏನಿದೆಯೋ ನಮಗೆ ಗೊತ್ತಿರುವುದಿಲ್ಲ.

ಹಂತ 5: ಸಭಾಂಗಣದ ವ್ಯವಸ್ಥೆ

ದಾನಿ ಒಂದು ಬಾಗಿಲಿನಿಂದ ಒಳಬಂದು ಇನ್ನೊಂದರಿಂದ ಹೊರಹೋಗುವಂತೆ ಜಾಗವನ್ನು ಹಂಚಿಕೊಳ್ಳಿ. ನೋಂದಣಿ, ಪ್ರಶ್ನಾವಳಿ, ತೂಕ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ, ವೈದ್ಯರ ಭೇಟಿ, ಮಂಚ, ವಿಶ್ರಾಂತಿ, ಉಪಾಹಾರ ಇದೇ ಕ್ರಮದಲ್ಲಿ ಇರಬೇಕು. ಸರತಿಯಲ್ಲಿ ಕುಳಿತವರಿಗೆ ಸೂಜಿ ಮತ್ತು ಚೀಲಗಳು ಕಾಣದಂತೆ ಒಂದು ಪರದೆ ಹಾಕಿಸಿ. ಮೊದಲ ಬಾರಿ ಬಂದವರು ಅದನ್ನು ನೋಡಿಯೇ ಬೆವರುತ್ತಾರೆ. ಗಾಳಿಬೆಳಕು ಬೇಕು, ಕೈತೊಳೆಯುವ ನೀರು ಹತ್ತಿರವಿರಬೇಕು, ವಿದ್ಯುತ್ ಹೋದರೆ ಜನರೇಟರ್ ಓಡಿಸಬಲ್ಲ ಒಬ್ಬರು ಅಲ್ಲೇ ಇರಬೇಕು. ವೇದಿಕೆ ಮತ್ತು ಧ್ವನಿವರ್ಧಕದ ಕೆಲಸ ಹತ್ತು ನಿಮಿಷಕ್ಕಿಂತ ಹೆಚ್ಚಿರಬಾರದು. ಗುರುಗಳ ಚಿಕ್ಕ ಪ್ರಾರ್ಥನೆ, ವೈದ್ಯರ ಎರಡು ಮಾತು, ಅಷ್ಟೇ. ಭಾಷಣ ಕೇಳುತ್ತಾ ತಂಡದವರು ಮುಕ್ಕಾಲು ಗಂಟೆ ಕೈಕಟ್ಟಿ ಕುಳಿತರೆ ಹದಿನೈದು ದಾನಿಗಳ ಹೊತ್ತು ಕಳೆದುಹೋಗುತ್ತದೆ.

ವೈದ್ಯರ ಮೇಜು ಎಲ್ಲಿರಬೇಕು ಎಂಬುದೇ ಈ ಹಂತದ ಮುಖ್ಯ ವಿಷಯ. ಪ್ರಶ್ನಾವಳಿಯಲ್ಲಿ ಕಾಮಾಲೆ, ಲೈಂಗಿಕ ಸಂಪರ್ಕ, ಮಾದಕ ವಸ್ತು, ಗರ್ಭಪಾತದಂತಹ ಪ್ರಶ್ನೆಗಳಿರುತ್ತವೆ. ಎಲ್ಲರಿಗೂ ಎಲ್ಲರ ಪರಿಚಯವಿರುವ ಧರ್ಮಕೇಂದ್ರದಲ್ಲಿ ತನ್ನದೇ ವಾಳೆಯ ಸ್ವಯಂಸೇವಕಿ ಪೆನ್ನು ಹಿಡಿದು ಕುಳಿತಿದ್ದರೆ ಯಾರು ತಾನೇ ನಿಜ ಹೇಳುತ್ತಾರೆ? ಪ್ರಶ್ನಾವಳಿಯನ್ನು ದಾನಿಯೇ ತುಂಬಬೇಕು, ಓದಲು ಬಾರದವರಿಗೆ ಆಸ್ಪತ್ರೆಯ ಸಿಬ್ಬಂದಿ ನೆರವಾಗಬೇಕು, ವೈದ್ಯರು ಪ್ರತ್ಯೇಕ ಕೋಣೆಯಲ್ಲಿ ಕುಳಿತುಕೊಳ್ಳಬೇಕು. ನಮ್ಮಲ್ಲಿ ಧರ್ಮೋಪದೇಶದ ತರಗತಿಯ ಕೋಣೆಯನ್ನು ಇದಕ್ಕೆ ಬಿಟ್ಟುಕೊಡುತ್ತೇವೆ. ಘಟಕದ ಸದಸ್ಯರು ಆ ಕೋಣೆಯ ಬಾಗಿಲನ್ನು ದಾಟುವುದಿಲ್ಲ.

ಹಂತ 6: ಹಿಂದಿನ ಸಂಜೆಯ ಕರೆ ಮತ್ತು ಬೆಳಗಿನ ಉಪಾಹಾರ

ಶನಿವಾರ ಸಂಜೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಕರೆ ಮಾಡಬೇಕು. ಸಂದೇಶ ಕಳುಹಿಸಿದರೆ ಸಾಲದು. ಬರುವ ಹೊತ್ತನ್ನು ನೆನಪಿಸಿ, ರಾತ್ರಿ ಚೆನ್ನಾಗಿ ಊಟ ಮಾಡಿ ನಿದ್ರಿಸಲು, ಮದ್ಯ ಮುಟ್ಟದಿರಲು, ಬೆಳಗ್ಗೆ ಸಾಕಷ್ಟು ನೀರು ಕುಡಿಯಲು ಹೇಳಿ. ಬರಲಾಗದವರು ಈ ಕರೆಯಲ್ಲೇ ತಿಳಿಸಿಬಿಡುವುದರಿಂದ ಆ ಹೊತ್ತಿಗೆ ಇನ್ನೊಬ್ಬರನ್ನು ಕರೆಯಲು ಅವಕಾಶ ಸಿಗುತ್ತದೆ.

ಕಥೋಲಿಕ ಧರ್ಮಕೇಂದ್ರಗಳ ಶಿಬಿರಗಳಿಗೇ ವಿಶೇಷವಾದ ಒಂದು ತೊಂದರೆಯಿದೆ, ಮತ್ತು ನಾನು ಕಂಡ ತಲೆಸುತ್ತುಗಳಲ್ಲಿ ಹೆಚ್ಚಿನವು ಅದರಿಂದಲೇ ಆದವು. ಬೆಳಗಿನ ಪೂಜೆಗೆ ಬರುವವರು ಪರಮಪ್ರಸಾದ ಸ್ವೀಕರಿಸುವ ಸಲುವಾಗಿ ಬರೀ ಹೊಟ್ಟೆಯಲ್ಲಿ ಬಂದಿರುತ್ತಾರೆ, ಪೂಜೆ ಮುಗಿಸಿ ನೇರವಾಗಿ ಸಭಾಂಗಣಕ್ಕೆ ಬಂದು ಮಂಚದ ಮೇಲೆ ಮಲಗುತ್ತಾರೆ. ಧರ್ಮಸಭೆಯ ಈಗಿನ ನಿಯಮದಂತೆ ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲು ಆಹಾರ ನಿಲ್ಲಿಸಿದರೆ ಸಾಕು. ನೀರಿಗೂ ಔಷಧಿಗೂ ಅಡ್ಡಿಯಿಲ್ಲ. ಆದರೆ ಹಿರಿಯರಿಂದ ಬಂದ ರೂಢಿ ಬಲವಾದದ್ದು, ಅದನ್ನು ಗೌರವಿಸಿಯೇ ವ್ಯವಸ್ಥೆ ಮಾಡಬೇಕು. ಆದ್ದರಿಂದ ಉಪಾಹಾರದ ಮೇಜು ಎರಡು ಕಡೆ ಇರಲಿ: ರಕ್ತ ಕೊಟ್ಟವರಿಗೆ ಕೊನೆಯಲ್ಲಿ ಒಂದು, ಪೂಜೆಯಿಂದ ಬಂದವರಿಗೆ ಒಳಬರುವ ಬಾಗಿಲಲ್ಲೇ ಇನ್ನೊಂದು. ನೋಂದಣಿಯ ಮೇಜಿನಲ್ಲಿ ಕೇಳುವ ಮೊದಲ ಪ್ರಶ್ನೆ "ತಿಂಡಿ ಆಯಿತೇ?" ಎಂಬುದಾಗಿರಬೇಕು. ಆಗಿಲ್ಲದಿದ್ದರೆ ಇಡ್ಲಿ, ಬಾಳೆಹಣ್ಣು, ಎರಡು ಲೋಟ ನೀರು ಕೊಟ್ಟು ಸ್ವಲ್ಪ ಹೊತ್ತು ಕೂರಿಸಿ, ಸರದಿಯನ್ನು ಮುಂದಕ್ಕೆ ಹಾಕಿ. ಗೋಳಿಬಜೆ, ಬನ್ಸ್‌ನಂತಹ ಎಣ್ಣೆಯ ತಿಂಡಿಗಳು ಬೇಡ, ಏಕೆಂದರೆ ಕೊಬ್ಬು ಹೆಚ್ಚಾದರೆ ಪ್ಲಾಸ್ಮಾ ಹಾಲಿನಂತೆ ಮಬ್ಬಾಗಿ ಬಳಕೆಗೆ ಬಾರದೆ ಹೋಗಬಹುದು.

ಹಂತ 7: ಹಿಂದೆ ಕಳುಹಿಸಲ್ಪಟ್ಟವರನ್ನು ನೋಡಿಕೊಳ್ಳುವುದು

ಯಾವ ಶಿಬಿರದ ವರದಿಯಲ್ಲೂ ಇವರ ವಿಷಯ ಇರುವುದಿಲ್ಲ. ನನ್ನ ಮಟ್ಟಿಗೆ ಶಿಬಿರ ಚೆನ್ನಾಗಿ ನಡೆಯಿತೋ ಇಲ್ಲವೋ ಎಂದು ತಿಳಿಯುವುದು ಇವರ ಮುಖ ನೋಡಿದಾಗ.

ನಮ್ಮ ಮೊದಲ ಶಿಬಿರದಲ್ಲಿ ಪದವಿ ತರಗತಿಯ ಒಬ್ಬಳು ಹುಡುಗಿ ಎಲ್ಲರಿಗಿಂತ ಮೊದಲು ಬಂದಿದ್ದಳು. ಬೆರಳಿನ ತುದಿಯಿಂದ ತೆಗೆದ ಹನಿಯ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.2 ಎಂದು ಬಂತು. ಮೇಜಿನಲ್ಲಿದ್ದ ನಮ್ಮದೇ ಹುಡುಗನೊಬ್ಬ "ಇವಳದ್ದು ಆಗುವುದಿಲ್ಲವಂತೆ" ಎಂದು ಸಾಲಿನ ಕೊನೆಯವರೆಗೂ ಕೇಳುವಂತೆ ಹೇಳಿಬಿಟ್ಟ. ಅವಳು ಬೆರಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡೇ ಹೊರಗೆ ಹೋಗಿ ಗ್ರೊಟ್ಟೊದ (ಮರಿಯ ಮಾತೆಯ ಗುಹೆಯಾಕಾರದ ಗುಡಿಯ) ಮೆಟ್ಟಿಲ ಮೇಲೆ ಕುಳಿತಳು. ಯಾರೂ ಹೋಗಿ ಮಾತನಾಡಿಸಲಿಲ್ಲ. ನಾನೂ ಹೋಗಲಿಲ್ಲ, ಫೋಟೋಗೆ ನಿಂತಿದ್ದೆ. ತನ್ನ ರಕ್ತದಲ್ಲಿ ಏನೋ ಕೆಟ್ಟದ್ದಿದೆ ಎಂದು ಜನ ತಿಳಿದುಕೊಂಡಿರಬಹುದು ಎಂಬ ಚಿಂತೆ ಅವಳನ್ನು ತಿಂಗಳುಗಟ್ಟಲೆ ಕಾಡಿತ್ತೆಂದು ಅವಳ ತಾಯಿಯಿಂದ ಮುಂದೆ ತಿಳಿಯಿತು.

ಅಂದಿನಿಂದ ನಾವು ಪಾಲಿಸುತ್ತಿರುವ ಕ್ರಮ ಹೀಗಿದೆ. ಕೊಡಬಹುದೇ ಬೇಡವೇ ಎಂಬುದನ್ನು ವೈದ್ಯರು ಕೋಣೆಯೊಳಗೆ ಮಾತ್ರ ಹೇಳುತ್ತಾರೆ. ಆ ಕೋಣೆಗೆ ಉಪಾಹಾರದ ಕಡೆಗೂ ಒಂದು ಬಾಗಿಲು ಇರುವುದರಿಂದ ಹಿಂದೆ ಕಳುಹಿಸಲ್ಪಟ್ಟವರು ಸಾಲಿನ ಮುಂದೆ ಹಾದುಹೋಗಬೇಕಾಗಿಲ್ಲ. ಅವರಿಗೂ ಅದೇ ತಿಂಡಿ, ಅದೇ ಕೃತಜ್ಞತೆ, ಅದೇ ಪುಟ್ಟ ಕಾರ್ಡು ಸಿಗುತ್ತದೆ. ಒಬ್ಬ ಧರ್ಮಭಗಿನಿಯೋ ದಾದಿಯಾಗಿ ನಿವೃತ್ತರಾದ ಹಿರಿಯರೋ ಆ ಮೇಜಿನಲ್ಲಿ ಕುಳಿತು, ಅವರಾಗಿ ಕೇಳಿದರೆ ಮಾತ್ರ, ಹಿಮೋಗ್ಲೋಬಿನ್ ಕಡಿಮೆ ಇರುವವರು ವೈದ್ಯರನ್ನು ಕಂಡು ಕಬ್ಬಿಣಾಂಶದ ಮಾತ್ರೆ ಪಡೆಯುವ ಬಗ್ಗೆ, ಹರಿವೆ, ನುಗ್ಗೆಸೊಪ್ಪು, ಹುರುಳಿ ತಿನ್ನುವ ಬಗ್ಗೆ, ಊಟದೊಡನೆ ಚಹಾ ಕುಡಿಯದಿರುವ ಬಗ್ಗೆ ವಿವರಿಸುತ್ತಾರೆ. ಆ ಹುಡುಗಿ ಮರುವರ್ಷ 12.8ರೊಂದಿಗೆ ಬಂದು ರಕ್ತ ಕೊಟ್ಟಳು. ಈಗ ಆ ಮೇಜಿನ ಹೊಣೆ ಅವಳದೇ.

ಹಂತ 8: ತಲೆಸುತ್ತು ಬಂದಾಗ

ಮುಖ ಬಿಳಿಚುವುದು, ಹಣೆ-ಕುತ್ತಿಗೆಯಲ್ಲಿ ತಣ್ಣನೆಯ ಬೆವರು, ಆಕಳಿಕೆ, ವಾಕರಿಕೆ, ಕಣ್ಣು ಮಂಜಾಗುವುದು ಮುನ್ಸೂಚನೆಗಳು. ಮಾತನಾಡುತ್ತಿದ್ದವರು ಇದ್ದಕ್ಕಿದ್ದಂತೆ ಮೌನವಾದರೂ ಎಚ್ಚರವಹಿಸಬೇಕು. ಕಂಡೊಡನೆ ಮಲಗಿಸಿ, ಕಾಲುಗಳನ್ನು ಎತ್ತರಿಸಿ, ಬಿಗಿಯಾದ ಗುಂಡಿಗಳನ್ನು ಸಡಿಲಿಸಿ, ವೈದ್ಯರನ್ನು ಕರೆಯಿರಿ. ಎಬ್ಬಿಸಿ ನಿಲ್ಲಿಸಬೇಡಿ, ಪ್ರಜ್ಞೆ ಪೂರ್ತಿ ಮರಳುವ ಮೊದಲು ಬಾಯಿಗೆ ನೀರು ಹಾಕಬೇಡಿ, ಸುತ್ತ ಗುಂಪುಗೂಡಲು ಬಿಡಬೇಡಿ. ಮಂಚದಿಂದ ಎದ್ದು ಉಪಾಹಾರದ ಮೇಜಿನವರೆಗಿನ ನಾಲ್ಕು ಹೆಜ್ಜೆಗಳಲ್ಲೇ ಬೀಳುವ ಸಾಧ್ಯತೆ ಹೆಚ್ಚಾದ್ದರಿಂದ ಪ್ರತಿ ದಾನಿಯ ಜೊತೆಗೂ ಒಬ್ಬ ಸ್ವಯಂಸೇವಕ ನಡೆಯಬೇಕು, ಮತ್ತು 10ರಿಂದ 15 ನಿಮಿಷ ಕೂರಿಸಿದ ಮೇಲೆಯೇ ಬೀಳ್ಕೊಡಬೇಕು.

ಮನೆಗೆ ಹೋದ ಮೇಲೆ ತೋಳಿಗೆ ಹಾಕಿದ ಪಟ್ಟಿಯನ್ನು ಕೆಲವು ಗಂಟೆ ತೆಗೆಯದಿರಲು, ಹೆಚ್ಚು ನೀರು ಕುಡಿಯಲು, ಭಾರ ಎತ್ತದಿರಲು ಹೇಳಿ. ತೆಂಗು-ಅಡಿಕೆ ಮರ ಹತ್ತುವವರು, ಬಸ್ಸು ಓಡಿಸುವವರು, ದೋಣಿಯಲ್ಲಿ ಕಡಲಿಗೆ ಹೋಗುವವರು ಆ ದಿನ ಕೆಲಸಕ್ಕೆ ಹೋಗಬಾರದು. ಇದನ್ನು ರಕ್ತ ಕೊಡುವ ಮೊದಲೇ ತಿಳಿಸಬೇಕು. ದಿನಗೂಲಿ ಬಿಡಲಾಗದವನಿಗೆ ಆಮೇಲೆ ತಿಳಿಸಿ ಪ್ರಯೋಜನವಿಲ್ಲ.

ಹಂತ 9: ಶಿಬಿರ ಮುಗಿದ ಸಂಜೆ

ಬಳಸಿದ ಸೂಜಿ, ಹತ್ತಿ, ಕೈಗವಸುಗಳನ್ನು ರಕ್ತ ಕೇಂದ್ರದವರೇ ಹಿಂದಕ್ಕೆ ಒಯ್ಯಬೇಕು. ಸಭಾಂಗಣ ಗುಡಿಸುವ ಹುಮ್ಮಸ್ಸಿನಲ್ಲಿ ಯಾರೂ ಅವನ್ನು ಮುಟ್ಟಬಾರದು. ಮಂಚದ ಕೆಳಗೆ ಏನಾದರೂ ಉಳಿದಿದೆಯೇ ಎಂದು ಅವರ ಎದುರಲ್ಲೇ ನೋಡಿಕೊಳ್ಳಿ. ಫೋಟೋಗಳ ವಿಷಯದಲ್ಲಿ ನಮ್ಮ ನಿಯಮ ಸರಳವಾದದ್ದು: ದಾನಿಯ ಒಪ್ಪಿಗೆಯಿಲ್ಲದೆ ಚಿತ್ರವಿಲ್ಲ, ರಕ್ತ ಕೊಡದವರ ಚಿತ್ರ ಇಲ್ಲವೇ ಇಲ್ಲ. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಪ್ರಭುವಿನ ಮಾತನ್ನು ಓದುವ ನಾವು ಇಷ್ಟನ್ನಾದರೂ ಪಾಲಿಸಬೇಕು.

ಅದೇ ವಾರದಲ್ಲಿ ಸ್ವಯಂಸೇವಕರ ಒಂದು ಸಭೆ ಕರೆಯಿರಿ. ನೋಡು, ವಿವೇಚಿಸು, ಕಾರ್ಯವೆಸಗು ಎಂಬ ವೈಸಿಎಸ್‌ನ ಕ್ರಮ ಇಲ್ಲಿ ಚೆನ್ನಾಗಿ ಒದಗುತ್ತದೆ. ಏನು ಕಂಡೆವು, ಸುವಾರ್ತೆಯ ಬೆಳಕಿನಲ್ಲಿ ಅದಕ್ಕೆ ಏನು ಅರ್ಥ, ಮುಂದೆ ಏನು ಮಾಡುತ್ತೇವೆ ಎಂದು ಪ್ರತಿಯೊಬ್ಬರೂ ಮಾತನಾಡಲಿ. ಸಂಗ್ರಹವಾದ ಯೂನಿಟ್‌ಗಳ ಸಂಖ್ಯೆಯಿಂದ ಮಾತು ಆರಂಭಿಸಿದರೆ ಅಲ್ಲೇ ಮುಗಿದುಬಿಡುತ್ತದೆ; ಆದ್ದರಿಂದ ಬಂದವರಲ್ಲಿ ಯಾರು ಒಬ್ಬಂಟಿಯಾಗಿ ಬಂದಿದ್ದರು, ಯಾರು ಮೊದಲ ಬಾರಿ ಚರ್ಚಿನ ಅಂಗಳಕ್ಕೆ ಕಾಲಿಟ್ಟರು, ಯಾರನ್ನು ನಾವು ಗಮನಿಸದೆ ಬಿಟ್ಟೆವು ಎಂಬಲ್ಲಿಂದ ಆರಂಭಿಸಿ.

ಹಂತ 10: ಮುಂದಿನ ನಾಲ್ಕು ತಿಂಗಳು

ಮೂರನೆಯ ದಿನ ಪ್ರತಿ ದಾನಿಗೂ ಒಂದು ಕರೆ ಮಾಡಿ, ತೋಳು ನೋಯುತ್ತಿದೆಯೇ, ಸುಸ್ತಿದೆಯೇ ಎಂದು ವಿಚಾರಿಸಬೇಕು. ಮೊದಲ ಬಾರಿ ಕೊಟ್ಟವರು ಎರಡನೆಯ ಬಾರಿ ಬರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ. ತಪಾಸಣೆಯ ಫಲಿತಾಂಶ ದಾನಿ ಮತ್ತು ರಕ್ತ ಕೇಂದ್ರದ ನಡುವಿನ ವಿಷಯ. ಅದನ್ನು ಘಟಕಕ್ಕೆ ತಿಳಿಸುವಂತೆ ಯಾರನ್ನೂ ಕೇಳಬಾರದು.

ದಾನಿಗಳ ಪಟ್ಟಿ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರ ಬಳಿ ಮಾತ್ರ ಇರಲಿ. ಹೆಸರು, ರಕ್ತದ ಗುಂಪು, ಮೊಬೈಲ್ ಸಂಖ್ಯೆಗಳನ್ನು ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಾಕುವ ರೂಢಿಯನ್ನು ನಿಲ್ಲಿಸಲೇಬೇಕು. ಅಂಥ ಪಟ್ಟಿಗಳು ಊರೂರು ಸುತ್ತಿ ಹೆಣ್ಣುಮಕ್ಕಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆಗಳು ಬಂದದ್ದುಂಟು. ನೆಗೆಟಿವ್ ಗುಂಪಿನ ರಕ್ತಕ್ಕೆ ತುರ್ತು ಬೇಡಿಕೆ ಬಂದರೆ ಕಾರ್ಯದರ್ಶಿ ಮೊದಲು ದಾನಿಯನ್ನು ಕೇಳಿ, ಅವರು ಒಪ್ಪಿದ ಮೇಲೆ ಆಸ್ಪತ್ರೆಗೆ ಸಂಖ್ಯೆ ಕೊಡಲಿ.

ಮುಂದಿನ ಶಿಬಿರದ ದಿನವನ್ನು ಈಗಲೇ ಲೆಕ್ಕ ಹಾಕಿ. ಉದಾಹರಣೆಗೆ 2026ರ ಅಕ್ಟೋಬರ್ 4ರ ಭಾನುವಾರ ಶಿಬಿರ ನಡೆದರೆ ಗಂಡಸರ 90 ದಿನ 2027ರ ಜನವರಿ 2ಕ್ಕೆ, ಹೆಂಗಸರ 120 ದಿನ ಫೆಬ್ರವರಿ 1ಕ್ಕೆ ಮುಗಿಯುತ್ತದೆ. ಆ ವರ್ಷ ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರ ಫೆಬ್ರವರಿ 10ರಂದು ಬರುವುದರಿಂದ ಇಬ್ಬರಿಗೂ ಹೊಂದುವ, ತಪಸ್ಸುಕಾಲಕ್ಕೆ ಮೊದಲಿನ ಭಾನುವಾರ ಫೆಬ್ರವರಿ 7 ಒಂದೇ. ಡಿಸೆಂಬರ್ ಕೊನೆಯ ವಾರ ರಕ್ತ ಕೇಂದ್ರಕ್ಕೆ ಕರೆ ಮಾಡಿ ಆ ದಿನ ಅವರಿಗೆ ಅಗತ್ಯವಿದೆಯೇ ಎಂದು ಕೇಳಿ, ಹೌದೆಂದರೆ ಸಭಾಂಗಣದ ಪುಸ್ತಕದಲ್ಲಿ ಬರೆಸಿ, ಹಿಂದಿನ ಬಾರಿ ಹಿಂದೆ ಕಳುಹಿಸಲ್ಪಟ್ಟವರಿಗೆ ಎಲ್ಲರಿಗಿಂತ ಮೊದಲು ಕರೆ ಮಾಡಿ.